ಕಂಟೇನರ್ ಸಂರಚನಾ ಕಡತ ಮತ್ತು ಘಟಕ ಪರೀಕ್ಷೆ: ಒಂದು ಚಾರಿತ್ರಿಕ ಟಿಪ್ಪಣಿ

ಕೊಪ್ಪಳದ ಗವಿಮಠ ಹಾಗೂ ಪಾಲ್ಕಿಗುಂಡುಗಳ ಅಶೋಕ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಶಾಸನಗಳ ಪಾಠವನ್ನು ನಿರ್ಣಯಿಸುವವರು ಬಂಡೆಯನ್ನು ತಿದ್ದುವುದಿಲ್ಲ. ಕಾಗದದ ಮೇಲೆ ಪಡೆದ ಪಡಿಯಚ್ಚಿನಲ್ಲಿ ತಮ್ಮ ಊಹೆಗಳನ್ನು ಪರೀಕ್ಷಿಸುವರು. ಗಣಕಯಂತ್ರದ ಕ್ಷೇತ್ರದಲ್ಲಿಯೂ ಇದೇ ಕ್ರಮವು ಅವಶ್ಯವಾಯಿತೆಂಬುದು ಗಮನಾರ್ಹ.

ಒಂದು ಪ್ರೋಗ್ರಾಮನ್ನು ಉಳಿದವುಗಳಿಂದ ಪ್ರತ್ಯೇಕಿಸಿ ನಡೆಸುವ ಕಂಟೇನರ್ ಪದ್ಧತಿಯ ಪೂರ್ವರೂಪವನ್ನು 1979ರ ಯೂನಿಕ್ಸ್ ಆವೃತ್ತಿಯ 'ಚ್ರೂಟ್' ಸೌಲಭ್ಯದಲ್ಲಿ ಗುರುತಿಸಬಹುದು. 2013ರಲ್ಲಿ ಡಾಕರ್ ಪ್ರಕಟವಾದ ಮೇಲೆ ಈ ಪದ್ಧತಿ ಸರ್ವತ್ರ ಪ್ರಚಾರ ಪಡೆಯಿತು. ಕಂಟೇನರುಗಳನ್ನು ಯಾವ ರನ್‌ಟೈಮ್ ನಡೆಸಬೇಕೆಂಬುದು ಒಂದು ಸಂರಚನಾ ಕಡತದಲ್ಲಿ ಲಿಖಿತವಾಗಿರುತ್ತದೆ. ಡಾಕರಿನಲ್ಲಿ ಅದರ ಹೆಸರು 'ಡೀಮನ್ ಡಾಟ್ ಜೇಸನ್'. ಹೊಸ ರನ್‌ಟೈಮನ್ನು ಸೇರಿಸುವ ಪ್ರೋಗ್ರಾಂ ಈ ಕಡತವನ್ನು ಓದಿ ತಿದ್ದಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಡಾಕರ್ ಸೇವೆ ಪುನಃ ಆರಂಭವಾಗದು.

ಆದುದರಿಂದ ಇಂತಹ ಪ್ರೋಗ್ರಾಮನ್ನು ಮೊದಲು ತಾತ್ಕಾಲಿಕ ಪ್ರತಿಯೊಂದರ ಮೇಲೆ ಪ್ರಯೋಗಿಸುವರು. ಕೆಂಟ್ ಬೆಕ್ 1990ರ ದಶಕದಲ್ಲಿ ಸ್ಮಾಲ್‌ಟಾಕ್ ಭಾಷೆಗೆ ರಚಿಸಿದ ಚೌಕಟ್ಟಿನಿಂದ ಬೆಳೆದ ಘಟಕ ಪರೀಕ್ಷೆಯ ಮಾರ್ಗವಿದು. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಕಡತವೇ ಇಲ್ಲದಿದ್ದರೆ ಹೊಸದನ್ನು ರಚಿಸುವುದೆ? ಕಡತ ಕೆಟ್ಟಿದ್ದರೆ ಏನನ್ನೂ ಬರೆಯದೆ ದೋಷವನ್ನು ತಿಳಿಸುವುದೆ? ಎರಡು ಬಾರಿ ನಡೆಸಿದರೂ ಫಲ ಒಂದೇ ಆಗಿರುವುದೆ? ತನಗೆ ಸಂಬಂಧಿಸದ ಹಳೆಯ ನಮೂದುಗಳನ್ನು ಹಾಗೆಯೇ ಉಳಿಸುವುದೆ? ಗ್ರಂಥಸಂಪಾದಕರು ಲಿಪಿಕಾರನಲ್ಲಿ ಹುಡುಕುವ ಲೋಪ, ಪ್ರಕ್ಷೇಪಗಳೆಂಬ ದೋಷಗಳೇ ಇಲ್ಲಿಯೂ ಇವೆ.

ಆದರೆ ಪ್ರತಿಯ ಮೇಲಣ ಪರೀಕ್ಷೆಗೆ ಮಿತಿಯುಂಟು. ತಿದ್ದಿದ ಕಡತವನ್ನು ನಿಜವಾದ ರನ್‌ಟೈಮ್ ಸ್ವೀಕರಿಸುವುದೆಂದು ಅದು ಸಿದ್ಧಪಡಿಸದು. ಅದಕ್ಕೆ ಬೇರೆ ಪರೀಕ್ಷೆ ಬೇಕು. ಪಡಿಯಚ್ಚನ್ನು ಓದಿದವನೂ ಸಂಶಯ ಬಂದಾಗ ಪಾಲ್ಕಿಗುಂಡನ್ನು ಹತ್ತಲೇಬೇಕು.