ಪಾದದಡಿಯ ನಡುಕ: ಎಬಿಎಸ್‌ನಿಂದ ಸ್ಥಿರತಾ ನಿಯಂತ್ರಣದವರೆಗೆ

ಘಾಟಿ ರಸ್ತೆಗಳಲ್ಲಿ ಲಾರಿ ಓಡಿಸಿ ಪಳಗಿದ ಹಳೆಯ ಚಾಲಕರು ಹೊಸಬರಿಗೆ ಹೇಳಿಕೊಡುತ್ತಿದ್ದ ಪಾಠ ಒಂದೇ ಸಾಲಿನದು: ಬ್ರೇಕ್ ಬಿಟ್ಟು ಬಿಟ್ಟು ಒತ್ತು, ಒಂದೇ ಸಲ ತುಳಿದರೆ ಗಾಡಿ ಕೈಗೆ ಸಿಗೋದಿಲ್ಲ. ಆ ಕಾಲದ ಗಾಡಿಗಳಿಗೆ ಅದು ನೂರಕ್ಕೆ ನೂರು ಸರಿಯಾದ ಮಾತು. ಇಂದಿನ ಕಾರಿನಲ್ಲಿ ಅದನ್ನೇ ಪಾಲಿಸಿದರೆ ಗಾಡಿ ನಿಲ್ಲುವ ದೂರ ಹೆಚ್ಚುತ್ತದೆ, ಜೀವಕ್ಕೂ ಕುತ್ತು ಬರಬಹುದು. ಈ ಎರಡು ಗಾಡಿಗಳ ನಡುವಿನ ಅರ್ಧ ಶತಮಾನದಲ್ಲಿ ತಂತ್ರಜ್ಞಾನ ಬೆಳೆದ ಕಥೆಯನ್ನು ಚಕ್ರ, ಕವಾಟ, ಸೆನ್ಸರ್‌ಗಳ ಕಥೆಯಾಗಿ ಹೇಳುವುದು ರೂಢಿ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಚಾಲಕನ ಪಾದ. ಯಂತ್ರ ಸಿದ್ಧವಾದ ಮೇಲೂ ಆ ಪಾದವನ್ನು ಸಿದ್ಧಗೊಳಿಸುವ ಕೆಲಸ ಹಿಂದೆಯೇ ಉಳಿಯಿತು.

ಮೊದಲು ಟೈರಿನ ವಿಷಯ. ಬ್ರೇಕ್ ಹಾಕಿದಾಗ ಚಕ್ರ ಪೂರ್ತಿ ನಿಂತರೆ ಹಿಡಿತ ಹೆಚ್ಚು ಎಂದು ಅನೇಕರು ತಿಳಿದಿದ್ದಾರೆ. ನಿಜದಲ್ಲಿ ಟೈರು ರಸ್ತೆಯನ್ನು ಅತಿ ಬಿಗಿಯಾಗಿ ಹಿಡಿಯುವುದು ಉರುಳುತ್ತಲೇ ತುಸು ಜಾರುವಾಗ, ಅಂದರೆ ಚಕ್ರದ ವೇಗ ಗಾಡಿಯ ವೇಗಕ್ಕಿಂತ ಸರಿಸುಮಾರು ಶೇ 10ರಿಂದ 30ರಷ್ಟು ಕಡಿಮೆ ಇರುವಾಗ. ಅದನ್ನು ಮೀರಿ ಚಕ್ರ ಲಾಕ್ ಆಯಿತೆಂದರೆ, ಒದ್ದೆ ರಸ್ತೆಯಲ್ಲಂತೂ ನಿಲ್ಲಿಸುವ ಶಕ್ತಿ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಪಕ್ಕದ ಹಿಡಿತ ಹೆಚ್ಚುಕಡಿಮೆ ಮಾಯವಾಗುವುದು. ಮುಂದಿನ ಚಕ್ರ ಲಾಕ್ ಆದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಗಾಡಿ ಹೋಗುತ್ತಿದ್ದ ದಿಕ್ಕಿಗೇ ಜಾರುತ್ತದೆ. ಹಿಂದಿನ ಚಕ್ರ ಲಾಕ್ ಆದರೆ ಬಾಲ ಮುಂದಕ್ಕೆ ಬರಲು ನೋಡುತ್ತದೆ. ಬಿಟ್ಟು ಬಿಟ್ಟು ಒತ್ತುವ ಚಾಲಕ ಈ ಸಣ್ಣ ಹದವನ್ನೇ ಪಾದದಿಂದ ಹುಡುಕುತ್ತಿದ್ದ. ನಾಲ್ಕು ಚಕ್ರಕ್ಕೂ ಒಂದೇ ಪೆಡಲ್ ಇರುವಾಗ, ಎದುರಿಗೆ ಹಸು ಅಡ್ಡ ಬಂದ ಕ್ಷಣದಲ್ಲಿ, ಅದು ಎಷ್ಟು ಜನರಿಗೆ ಸಾಧ್ಯ?

ಆ ಹದವನ್ನು ಯಂತ್ರಕ್ಕೆ ಒಪ್ಪಿಸುವ ಆಸೆ ಹಳೆಯದು. ಜರ್ಮನಿಯ ಕಾರ್ಲ್ ವೆಸೆಲ್ 1928ರಲ್ಲೇ ಬ್ರೇಕ್ ಬಲವನ್ನು ನಿಯಂತ್ರಿಸುವ ಸಾಧನಕ್ಕೆ ಪೇಟೆಂಟ್ ಪಡೆದಿದ್ದರು. ಚಕ್ರ ಲಾಕ್ ಆಗದಂತೆ ತಡೆಯುವ, ಇಂದು ನಾವು ಎಬಿಎಸ್ ಎನ್ನುವ ಬಗೆಯ ಸಾಧನಕ್ಕೆ ಬಾಷ್ ಕಂಪನಿಗೆ 1936ರಲ್ಲಿ ಪೇಟೆಂಟ್ ಸಿಕ್ಕಿತು. ಬೆಂಗಳೂರಿನವರಿಗೆ ಮೈಕೋ ಎಂಬ ಹೆಸರಿನಿಂದ ಪರಿಚಿತವಾದ ಆಡುಗೋಡಿಯ ಕಾರ್ಖಾನೆಯ ಮೂಲ ಸಂಸ್ಥೆ ಇದೇ. ಆದರೆ ಮೊದಲು ಫಲ ಸಿಕ್ಕಿದ್ದು ರಸ್ತೆಯಲ್ಲಲ್ಲ, ರನ್‌ವೇಯಲ್ಲಿ. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಡನ್‌ಲಪ್ ಕಂಪನಿ ವಿಮಾನಗಳಿಗಾಗಿ ಮ್ಯಾಕ್ಸರೆಟ್ ಎಂಬ ಸಾಧನ ತಯಾರಿಸಿತು. ಅದರಲ್ಲಿ ಎಲೆಕ್ಟ್ರಾನಿಕ್ಸ್ ಏನೂ ಇರಲಿಲ್ಲ. ಚಕ್ರದೊಂದಿಗೆ ತಿರುಗುವ ಒಂದು ಪುಟ್ಟ ಗಾಲಿ. ಚಕ್ರ ಥಟ್ಟನೆ ನಿಧಾನಗೊಂಡರೂ ಅದು ತನ್ನ ವೇಗದಲ್ಲೇ ತಿರುಗುತ್ತ ಕವಾಟವೊಂದನ್ನು ತೆರೆದು ಬ್ರೇಕಿನ ಒತ್ತಡ ಇಳಿಸುತ್ತಿತ್ತು. ರನ್‌ವೇಯಲ್ಲಿ ಟೈರು ಸವೆದು ಸಿಡಿಯುವ ಭಯ ಕಡಿಮೆಯಾಯಿತು.

1958ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯ ಇದೇ ಮ್ಯಾಕ್ಸರೆಟ್ ಅನ್ನು ಒಂದು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ ಬೈಕಿಗೆ ಕಟ್ಟಿ ನೋಡಿತು. ಜಾರುವ ಒದ್ದೆ ರಸ್ತೆಯಲ್ಲಿ ಫಲಿತಾಂಶ ಸ್ಪಷ್ಟವಾಗಿ ಚೆನ್ನಾಗಿತ್ತು. ಆದರೂ ಬೈಕ್ ಕಂಪನಿಯ ತಾಂತ್ರಿಕ ಮುಖ್ಯಸ್ಥರಿಗೆ ಅದರಲ್ಲಿ ಭವಿಷ್ಯ ಕಾಣಲಿಲ್ಲ, ತಯಾರಿಕೆಯ ಮಾತು ಅಲ್ಲಿಗೇ ನಿಂತಿತು. ಈ ಕ್ಷೇತ್ರದ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವ ಘಟನೆ ಇದು. ಬಿದ್ದರೆ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುವ ಸವಾರನ ಬೈಕಿಗೆ ಎಬಿಎಸ್ ಮಾರಾಟಕ್ಕೆ ಬರಲು ಮತ್ತೆ 30 ವರ್ಷ ಹಿಡಿಯಿತು. 1988ರಲ್ಲಿ ಬಿಎಂಡಬ್ಲ್ಯು ತನ್ನ ಕೆ100 ಬೈಕಿನಲ್ಲಿ ಅದನ್ನು ಕೊಟ್ಟಿತು.

ಕಾರುಗಳಲ್ಲಿ 1966ರ ಜೆನ್ಸನ್ ಎಫ್‌ಎಫ್ ಮ್ಯಾಕ್ಸರೆಟ್ ಹೊತ್ತು ಬಂದಿತಾದರೂ ತಯಾರಾದದ್ದು 320 ಮಾತ್ರ. ಅಮೆರಿಕದಲ್ಲಿ ಕ್ರೈಸ್ಲರ್ 1971ರ ಇಂಪೀರಿಯಲ್ ಕಾರಿಗೆ ನಾಲ್ಕೂ ಚಕ್ರದ ಎಲೆಕ್ಟ್ರಾನಿಕ್ ವ್ಯವಸ್ಥೆ ಕೊಟ್ಟಿತು. ಅಲ್ಲಿನ ಸರ್ಕಾರ 1975ರಲ್ಲಿ ಲಾರಿಗಳಿಗೆ ಇಂಥ ಬ್ರೇಕ್ ಬೇಕೆಂಬ ನಿಯಮವನ್ನೂ ತಂದಿತು. ಆದರೆ ಸಾಧನಗಳು ಕೈಕೊಡುತ್ತಿದ್ದವು. 1978ರಲ್ಲಿ ನ್ಯಾಯಾಲಯ ಆ ನಿಯಮವನ್ನು ಬದಿಗಿಟ್ಟಿತು. ಲಾರಿ ಚಾಲಕರ ವಲಯದಲ್ಲಿ ಎಬಿಎಸ್ ಬಗ್ಗೆ ಉಳಿದ ಅಪನಂಬಿಕೆ ತೊಳೆದುಹೋಗಲು ಬಹಳ ಕಾಲ ಬೇಕಾಯಿತು. ಯಂತ್ರ ಹಣ್ಣಾಗುವ ಮೊದಲೇ ಕಾನೂನು ಬಂದರೆ ಒಳ್ಳೆಯ ಯಂತ್ರಕ್ಕೂ ಕೆಟ್ಟ ಹೆಸರು ಅಂಟುತ್ತದೆ.

ಹಣ್ಣಾಗಲು ಬೇಕಿದ್ದದ್ದು ಡಿಜಿಟಲ್ ಎಲೆಕ್ಟ್ರಾನಿಕ್ಸ್. ಮರ್ಸಿಡಿಸ್ ಕಾರುಗಳ ತಯಾರಕ ಡೈಮ್ಲರ್-ಬೆನ್ಜ್ 1970ರಲ್ಲೇ ತನ್ನ ಪರೀಕ್ಷಾ ಟ್ರ್ಯಾಕಿನಲ್ಲಿ ಪತ್ರಕರ್ತರೆದುರು ಎಬಿಎಸ್ ಪ್ರದರ್ಶಿಸಿತ್ತು. ಆಗಿನ ನಿಯಂತ್ರಕದಲ್ಲಿ ಸುಮಾರು 1000 ಬಿಡಿಭಾಗಗಳಿದ್ದವು. ಶಾಖ, ಕಂಪನ, ತೇವದ ನಡುವೆ ಅಷ್ಟೂ ಭಾಗಗಳು ವರ್ಷಗಟ್ಟಲೆ ಬಾಳುವ ಭರವಸೆ ಇರಲಿಲ್ಲ. ಬಾಷ್ ಅದನ್ನು ಸುಮಾರು 140 ಭಾಗಗಳಿಗೆ ಇಳಿಸಿತು. 1978ರ ಆಗಸ್ಟ್‌ನಲ್ಲಿ ಸ್ಟುಟ್‌ಗಾರ್ಟ್‌ನ ಉಂಟರ್‌ಟ್ಯುರ್ಕ್‌ಹೈಮ್‌ನಲ್ಲಿ ಅದರ ಅನಾವರಣವಾಯಿತು. ಆ ವರ್ಷದ ಕೊನೆಗೆ ಮರ್ಸಿಡಿಸ್ ಎಸ್-ಕ್ಲಾಸ್ ಕೊಳ್ಳುವವರು ಹೆಚ್ಚಿನ ಹಣ ತೆತ್ತು ಪಡೆಯಬಹುದಾಯಿತು.

ಇಲ್ಲಿಂದ ಕಥೆ ಪಾದದ ಕಡೆಗೆ ತಿರುಗುತ್ತದೆ. ಎಬಿಎಸ್ ಕೆಲಸ ಶುರುಮಾಡಿದಾಗ ಕವಾಟಗಳು ಸೆಕೆಂಡಿಗೆ ಹಲವು ಬಾರಿ ಒತ್ತಡವನ್ನು ಇಳಿಸಿ, ಹಿಡಿದು, ಮತ್ತೆ ಏರಿಸುತ್ತವೆ. ಇಳಿಸಿದ ಬ್ರೇಕ್ ಎಣ್ಣೆಯನ್ನು ಪಂಪೊಂದು ಪೆಡಲಿನ ಕಡೆಗೆ ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಪೆಡಲ್ ಪಾದಕ್ಕೆ ಪಟಪಟನೆ ಬಡಿಯತೊಡಗುತ್ತದೆ. ಬಾನೆಟ್ ಒಳಗಿನಿಂದ ಕರಕರ ಎಂದು ಏನೋ ಅರೆಯುವ ಸದ್ದು. ಒಮ್ಮೊಮ್ಮೆ ಪೆಡಲ್ ಗಟ್ಟಿಯಾಗಿ ಮೇಲೆ ಬರುತ್ತದೆ, ಒಮ್ಮೊಮ್ಮೆ ತುಸು ಕೆಳಗೆ ಜಾರುತ್ತದೆ. ಏನೂ ತಿಳಿಯದವನಿಗೆ ಇದರ ಅರ್ಥ ಒಂದೇ: ಬ್ರೇಕ್ ಮುರಿಯಿತು. ಅವನ ಪಾದ ತಾನಾಗಿ ಹಿಂದೆ ಸರಿಯುತ್ತದೆ. ಯಂತ್ರ ಅವನನ್ನು ಉಳಿಸುತ್ತಿರುವ ಅದೇ ಕ್ಷಣದಲ್ಲಿ ಅವನು ಯಂತ್ರವನ್ನು ಕೈಬಿಡುತ್ತಾನೆ. ತಿಳಿದವನಿಗೆ ಅದೇ ನಡುಕ ಧೈರ್ಯ ಕೊಡುತ್ತದೆ. ಟೈರು ಕೊಡಬಹುದಾದ ಅಷ್ಟೂ ಹಿಡಿತವನ್ನು ಕೊಡುತ್ತಿದೆ, ಇನ್ನು ಪಾದ ಸಡಿಲಿಸದೆ ಸ್ಟೀರಿಂಗ್‌ನಿಂದ ದಾರಿ ಹುಡುಕಬೇಕು ಎಂದು ಅವನಿಗೆ ಗೊತ್ತಾಗುತ್ತದೆ.

ಪಾದದ ಇನ್ನೊಂದು ದೌರ್ಬಲ್ಯವೂ ಬೆಳಕಿಗೆ ಬಂತು. ಬರ್ಲಿನ್‌ನ ಚಾಲನಾ ಸಿಮ್ಯುಲೇಟರಿನಲ್ಲಿ ಡೈಮ್ಲರ್-ಬೆನ್ಜ್ ಸಾಮಾನ್ಯ ಚಾಲಕರನ್ನು ಪರೀಕ್ಷಿಸಿದಾಗ ಬಹುಪಾಲು ಜನ ತುರ್ತಿನಲ್ಲಿ ಪೆಡಲನ್ನು ಬೇಗನೆ ತುಳಿಯುತ್ತಾರೆ, ಆದರೆ ಸಾಕಷ್ಟು ಬಲವಾಗಿ ತುಳಿಯುವುದಿಲ್ಲ ಎಂದು ತಿಳಿಯಿತು. ಅವರ ಕಾರಿನ ಎಬಿಎಸ್ ಕೆಲಸ ಶುರುಮಾಡುವ ಒತ್ತಡವೇ ಹುಟ್ಟುತ್ತಿರಲಿಲ್ಲ. ತುಳಿದ ವೇಗದಿಂದಲೇ ತುರ್ತನ್ನು ಗುರುತಿಸಿ ಪೂರ್ತಿ ಒತ್ತಡ ತಾನೇ ಕೊಡುವ ಬ್ರೇಕ್ ಅಸಿಸ್ಟ್ 1996ರಲ್ಲಿ ಬಂದದ್ದು ಈ ಕಾರಣಕ್ಕೆ.

ಎಬಿಎಸ್ ಬಂದ ಮೇಲೆ ಅಪಘಾತ ಇಳಿಯುತ್ತದೆ ಎಂಬ ನಿರೀಕ್ಷೆಯೂ ನೇರವಾಗಿ ಫಲಿಸಲಿಲ್ಲ. ಮ್ಯೂನಿಕ್‌ನ ಟ್ಯಾಕ್ಸಿಗಳಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ ಎಬಿಎಸ್ ಇದ್ದವಕ್ಕೂ ಇಲ್ಲದವಕ್ಕೂ ಅಪಘಾತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಿಕ್ಕ ಸುರಕ್ಷತೆಯನ್ನು ಚಾಲಕರು ಬಿರುಸಿನ ಚಾಲನೆಯಲ್ಲಿ ಖರ್ಚು ಮಾಡಿದ್ದರು. ಅಮೆರಿಕದ ಅಂಕಿಅಂಶಗಳಲ್ಲಿ ಒದ್ದೆ ರಸ್ತೆಯ ಡಿಕ್ಕಿಗಳು ಇಳಿದಿದ್ದವು, ಆದರೆ ಒಂಟಿ ಕಾರು ರಸ್ತೆ ಬಿಟ್ಟು ಹೊರಗೆ ನುಗ್ಗುವ ಮಾರಕ ಅಪಘಾತಗಳು ಏರಿದ್ದವು. ಕಾರಣ ಕುರಿತು ವರ್ಷಗಟ್ಟಲೆ ಚರ್ಚೆ ನಡೆಯಿತು. ನನಗೆ ಒಪ್ಪಿಗೆಯಾಗುವ ವಿವರಣೆ ಇದು: ಮೊದಲು ಬೆದರಿ ಸ್ಟೀರಿಂಗ್ ಎಳೆದರೂ ಲಾಕ್ ಆದ ಚಕ್ರ ಕೇಳುತ್ತಿರಲಿಲ್ಲ, ಈಗ ಕೇಳತೊಡಗಿತು. ಬೆದರಿದವನ ಕೈ ಎಳೆದಷ್ಟೂ ಕಾರು ತಿರುಗಿ ರಸ್ತೆ ಬಿಟ್ಟಿತು.

ಹಾಗಾದರೆ ಚಕ್ರವನ್ನು ಕಾದರೆ ಸಾಲದು, ಇಡೀ ಗಾಡಿಯನ್ನು ಕಾಯಬೇಕು. ಡಚ್ ಮೂಲದ ಎಂಜಿನಿಯರ್ ಆಂಟನ್ ವಾನ್ ಜಾಂಟೆನ್ ನೇತೃತ್ವದಲ್ಲಿ ಬಾಷ್ ಮಾಡಿದ್ದು ಅದನ್ನೇ. ಚಾಲಕ ಎತ್ತ ಹೋಗಬಯಸುತ್ತಾನೆ ಎಂಬುದನ್ನು ಸ್ಟೀರಿಂಗ್ ಕೋನ ಹೇಳುತ್ತದೆ. ಗಾಡಿ ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂಬುದನ್ನು ಇನ್ನೊಂದು ಸೆನ್ಸರ್ ಅಳೆಯುತ್ತದೆ. ಎರಡೂ ಬೇರೆಬೇರೆಯಾದರೆ ಯಂತ್ರ ಒಂದೇ ಒಂದು ಚಕ್ರಕ್ಕೆ ಬ್ರೇಕ್ ಹಾಕುತ್ತದೆ: ಮೂತಿ ಹೊರಗೆ ಜಾರುತ್ತಿದ್ದರೆ ಮುಖ್ಯವಾಗಿ ತಿರುವಿನ ಒಳಬದಿಯ ಹಿಂಚಕ್ರಕ್ಕೆ, ಬಾಲ ಜಾರುತ್ತಿದ್ದರೆ ಹೊರಬದಿಯ ಮುಂಚಕ್ರಕ್ಕೆ. ಅತಿ ಚತುರ ಚಾಲಕನೂ ಪಾದದಿಂದ ಮಾಡಲಾಗದ ಕೆಲಸವಿದು. 1995ರಲ್ಲಿ ಸ್ಥಿರತಾ ನಿಯಂತ್ರಣ ಎಂಬ ಈ ವ್ಯವಸ್ಥೆ ಮರ್ಸಿಡಿಸ್‌ನ ದುಬಾರಿ ಕಾರುಗಳಲ್ಲಿ ಬಂತು. ಆಮೇಲೂ ದುಬಾರಿ ಕಾರುಗಳಲ್ಲೇ ಉಳಿದುಬಿಡುತ್ತಿತ್ತೇನೋ.

1997ರ ಅಕ್ಟೋಬರ್ 21ರಂದು ಸ್ವೀಡನ್ನಿನ ಟೆಕ್ನಿಕೆನ್ಸ್ ವಾರ್ಲ್ಡ್ ಪತ್ರಿಕೆಯ ರಾಬರ್ಟ್ ಕಾಲಿನ್ ಮರ್ಸಿಡಿಸ್‌ನ ಹೊಸ ಸಣ್ಣ ಕಾರು ಎ-ಕ್ಲಾಸ್ ಅನ್ನು ಪರೀಕ್ಷಿಸುತ್ತಿದ್ದರು. ಆ ದೇಶದ ಕಾಡುರಸ್ತೆಗಳಲ್ಲಿ ಮೂಸ್ ಎಂಬ ದೊಡ್ಡ ಜಿಂಕೆ ಎದುರಾಗುವುದು ಸಾಮಾನ್ಯ. ಅದನ್ನು ತಪ್ಪಿಸಲು ಪಕ್ಕದ ಪಥಕ್ಕೆ ಹೋಗಿ ತಕ್ಷಣ ಮರಳುವ ಪರೀಕ್ಷೆಯದು. ಸುಮಾರು 60 ಕಿಲೋಮೀಟರ್ ವೇಗದಲ್ಲಿ ಕಾರು ಮಗುಚಿಬಿತ್ತು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಕಂಪನಿ ಮಾರಾಟ ನಿಲ್ಲಿಸಿ, ಸಸ್ಪೆನ್ಷನ್ ತಿದ್ದಿ, ಆ ಅಗ್ಗದ ಕಾರಿಗೂ ಸ್ಥಿರತಾ ನಿಯಂತ್ರಣವನ್ನು ಎಲ್ಲ ಮಾದರಿಯಲ್ಲೂ ಕೊಟ್ಟಿತು. ಒಬ್ಬ ಪತ್ರಕರ್ತನ ಪ್ರಾಮಾಣಿಕ ಪರೀಕ್ಷೆ ಶ್ರೀಮಂತರ ಸವಲತ್ತನ್ನು ಸಾಮಾನ್ಯರ ಕಾರಿಗೆ ತಂದಿತು. ವಾನ್ ಜಾಂಟೆನ್ ಅವರಿಗೆ 2016ರಲ್ಲಿ ಯುರೋಪಿಯನ್ ಇನ್ವೆಂಟರ್ ಪ್ರಶಸ್ತಿ, ಜೀವಮಾನದ ಸಾಧನೆಗಾಗಿ, ಸಂದಿತು.

ಸ್ಥಿರತಾ ನಿಯಂತ್ರಣದ ಅನುಭವ ಎಬಿಎಸ್‌ನಷ್ಟು ಒರಟಲ್ಲ. ಆಕ್ಸಿಲರೇಟರ್ ಒತ್ತಿದ್ದರೂ ಎಂಜಿನ್ ಸದ್ದು ತಾನಾಗಿ ಕುಗ್ಗುತ್ತದೆ. ಗಾಡಿಯ ಒಂದು ಮೂಲೆಯನ್ನು ಯಾರೋ ಹಿಡಿದೆಳೆದಂತಾಗಿ ಮೂತಿ ದಾರಿಗೆ ಮರಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಮಿಣಮಿಣ ಎನ್ನುತ್ತದೆ. ಎಷ್ಟೋ ಜನರಿಗೆ ಇಷ್ಟೂ ಗೊತ್ತಾಗುವುದಿಲ್ಲ. ತಿರುವನ್ನು ತಾವೇ ಚೆನ್ನಾಗಿ ತೆಗೆದೆವು ಎಂದುಕೊಂಡು ಮುಂದೆ ಹೋಗುತ್ತಾರೆ. ಪಾದದ ಸಹಕಾರವನ್ನು ಅಷ್ಟಾಗಿ ಬೇಡದ ಈ ಸಾಧನದ ಫಲ ಅಂಕಿಗಳಲ್ಲಿ ನಿಚ್ಚಳವಾಗಿ ಕಂಡಿತು. ಒಂಟಿ ವಾಹನದ ಅಪಘಾತಗಳು ಕಾರುಗಳಲ್ಲಿ ಶೇ 34, ಎಸ್‌ಯುವಿಗಳಲ್ಲಿ ಶೇ 59 ಇಳಿಯುತ್ತವೆ ಎಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಲೆಕ್ಕ ಹಾಕಿ, 2012ರ ಮಾದರಿಗಳಿಂದ ಅದನ್ನು ಕಡ್ಡಾಯಗೊಳಿಸಿತು. ಯುರೋಪಿನಲ್ಲಿ 2014ರ ಕೊನೆಗೆ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು.

ಭಾರತದಲ್ಲಿ ಹೊಸ ಕಾರುಗಳಿಗೂ 125 ಸಿಸಿ ಮೀರಿದ ಬೈಕುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2018-19ರಲ್ಲಿ. ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ, 2023ರಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಮೂರು ನಕ್ಷತ್ರ ಬೇಕೆಂದರೆ ಸ್ಥಿರತಾ ನಿಯಂತ್ರಣ ಇರಲೇಬೇಕು. ಬೈಕಿನ ವಿಷಯದಲ್ಲಿ ಹೊಸೂರಿನ ಟಿವಿಎಸ್ 2011ರಲ್ಲೇ ಅಪಾಚೆ 180ಕ್ಕೆ ಎಬಿಎಸ್ ಕೊಟ್ಟು ದಾರಿ ತೋರಿಸಿತ್ತು. ಆದರೆ ಕಾನೂನು ಮುಂಚಕ್ರಕ್ಕೆ ಮಾತ್ರ ಎಬಿಎಸ್ ಇದ್ದರೂ ಸಾಕೆಂದಿತು. ಮುಂಚಕ್ರ ಲಾಕ್ ಆದರೆ ಸವಾರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನೆಲದ ಮೇಲೆ, ಆದ್ದರಿಂದ ಆಯ್ಕೆ ಸರಿಯೇ. ಆದರೆ ನಮ್ಮಲ್ಲಿ ಬಹುತೇಕರು ಹಿಂದಿನ ಬ್ರೇಕನ್ನೇ ನಂಬಿ ಓಡಿಸಲು ಕಲಿತವರು. ಅವರ ಪಾದದ ಕೆಳಗಿರುವ ಚಕ್ರ ಇವತ್ತಿಗೂ ಲಾಕ್ ಆಗಿ ಅಡ್ಡಡ್ಡ ಜಾರುತ್ತದೆ.

ಮಿತಿಗಳನ್ನೂ ಹೇಳಬೇಕು. ಸಡಿಲ ಜಲ್ಲಿಯ ಮೇಲೆ ಲಾಕ್ ಆದ ಚಕ್ರ ತನ್ನ ಮುಂದೆ ಜಲ್ಲಿಯ ದಿಬ್ಬ ಕಟ್ಟಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಚಕ್ರವನ್ನು ಉರುಳಿಸುತ್ತಲೇ ಇರುವುದರಿಂದ ಅಲ್ಲಿ ನಿಲ್ಲುವ ದೂರ ಹೆಚ್ಚಾಗಬಹುದು, ಸ್ಟೀರಿಂಗ್ ಮಾತ್ರ ಕೈಯಲ್ಲಿರುತ್ತದೆ. ಸುಗ್ಗಿಯ ದಿನಗಳಲ್ಲಿ ನಮ್ಮ ಬಯಲುಸೀಮೆಯ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುವ ಕಡೆ ಹುಲ್ಲಿನ ಮೇಲೆ ಟೈರಿಗೆ ಹಿಡಿತವೇ ಇರುವುದಿಲ್ಲ. ಇಲ್ಲದ ಹಿಡಿತವನ್ನು ಯಾವ ಯಂತ್ರವೂ ಹುಟ್ಟಿಸದು. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲುವ ದೂರ ನಾಲ್ಕರಷ್ಟಾಗುವ ಲೆಕ್ಕವೂ ಬದಲಾಗಿಲ್ಲ.

ಇಷ್ಟೆಲ್ಲ ಆದರೂ ನಮ್ಮ ಡ್ರೈವಿಂಗ್ ಸ್ಕೂಲುಗಳಲ್ಲಿ ಎಂಟು ಹಾಕುವುದು, ಹಿಂದಕ್ಕೆ ಓಡಿಸುವುದು ಕಲಿಸುತ್ತಾರೆಯೇ ಹೊರತು ಬ್ರೇಕನ್ನು ಪೂರ್ತಿ ತುಳಿಸುವುದಿಲ್ಲ. ಮಳೆ ನಿಂತ ಮೇಲೆ, ಜನ ವಾಹನವಿಲ್ಲದ ಖಾಲಿ ಮೈದಾನದಲ್ಲಿ, ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು 40 ಕಿಲೋಮೀಟರ್ ವೇಗದಿಂದ ಒಮ್ಮೆ ಬಲವಾಗಿ ತುಳಿದರೆ ಸಾಕು, ಆ ನಡುಕ ಪಾದಕ್ಕೆ ಪರಿಚಯವಾಗುತ್ತದೆ. ಪರವಾನಗಿ ಪರೀಕ್ಷೆಯಲ್ಲೇ ಇದು ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ನಡುಕವೇ ಈಗ ಪ್ರಶ್ನೆಯಾಗಿದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ರೇಕಿನ ಒಂದು ಪಾಲನ್ನು ಮೋಟರೇ ಹಾಕುತ್ತದೆ, ಪೆಡಲಿಗೂ ಬ್ರೇಕಿಗೂ ನೇರ ಸಂಬಂಧ ಸಡಿಲವಾಗುತ್ತಿದೆ. 2010ರಲ್ಲಿ ಟೊಯೋಟಾ ತನ್ನ ಪ್ರಿಯಸ್ ಕಾರುಗಳನ್ನು ಸಾಫ್ಟ್‌ವೇರ್ ತಿದ್ದಲು ವಾಪಸ್ ಕರೆಯಬೇಕಾಯಿತು. ಉಬ್ಬುತಗ್ಗಿನ ಅಥವಾ ಜಾರುವ ರಸ್ತೆಯಲ್ಲಿ ಮೋಟರ್ ಬ್ರೇಕಿನಿಂದ ಎಬಿಎಸ್‌ಗೆ ಹೊರಳುವಾಗ ಚಾಲಕರಿಗೆ ಒಂದು ಕ್ಷಣ ಬ್ರೇಕೇ ಹೋದಂತೆ ಅನ್ನಿಸುತ್ತಿತ್ತು. ಪೆಡಲನ್ನು ಇನ್ನಷ್ಟು ತುಳಿದರೆ ಕಾರು ನಿಲ್ಲುತ್ತಿತ್ತು. ಪೂರ್ತಿ ವಿದ್ಯುತ್ ಬ್ರೇಕಿನ ಕಾರಿನಲ್ಲಿ ಪಾದಕ್ಕೆ ಏನು ತಿಳಿಸಬೇಕು ಎಂಬುದನ್ನು ಎಂಜಿನಿಯರುಗಳೇ ಆಯ್ದುಕೊಳ್ಳಬಹುದು. ನಡುಕವನ್ನು ಪೂರ್ತಿ ತೆಗೆದುಹಾಕಲೂಬಹುದು. ಬೆದರಿ ಪಾದ ಎತ್ತುವವರು ಅದರಿಂದ ಉಳಿಯುತ್ತಾರೆ. ಆದರೆ ರಸ್ತೆ ಜಾರುತ್ತಿದೆ, ಟೈರಿನ ಹಿಡಿತ ಮುಗಿಯುತ್ತ ಬಂದಿದೆ ಎಂದು ಚಾಲಕನ ಮೈಗೆ ತಿಳಿಸುವ ದಾರಿಗಳಲ್ಲಿ ಒಂದು ಮುಚ್ಚಿಹೋಗುತ್ತದೆ, ಮುಂದಿನ ತಿರುವಿಗೂ ಅವನು ಅದೇ ವೇಗದಲ್ಲಿ ಹೋಗುತ್ತಾನೆ. ಬೆದರಿಸದಷ್ಟು ಮೆಲುವಾಗಿ, ತಿಳಿಯುವಷ್ಟು ಸ್ಪಷ್ಟವಾಗಿ ಅದನ್ನು ಉಳಿಸಿಕೊಳ್ಳಬೇಕೆಂದು ನಾನು ಬಯಸುತ್ತೇನೆ.