ವಸತಿ ಕಾಯ್ದಿರಿಸುವಿಕೆ: ಮುಂಗಡ, ಭದ್ರತಾ ಠೇವಣಿ ಮತ್ತು ಹಣ ವಾಪಸಾತಿ ಕುರಿತು ಮಾಹಿತಿ

ಶಿಡ್ಲಘಟ್ಟದಲ್ಲಿ ವಸತಿಗೃಹದ ಕೊಠಡಿಗಳನ್ನು ಪಡೆಯುವವರಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರ ಊರುಗಳಿಂದ ಬರುವ ರೈತರೂ, ಮದುವೆಗೆ ಬರುವ ನೆಂಟರಿಗೆ ಏರ್ಪಾಡು ಮಾಡಬೇಕಾದ ಕುಟುಂಬಗಳೂ ಇರುತ್ತಾರೆ. ಗೂಡು ತಂದವರು ಒಂದು ರಾತ್ರಿಯ ಬಾಡಿಗೆ ತೆತ್ತು ತೆರಳುತ್ತಾರೆ. ವ್ಯಾಜ್ಯಕ್ಕೆ ಆಸ್ಪದವಾಗುವುದು ತಿಂಗಳುಗಳ ಮೊದಲೇ ಹಣ ಪಾವತಿಸಿದ ಕುಟುಂಬದ ಲಗ್ನ ಮುಂದಕ್ಕೆ ಹೋದಾಗ.

ಮುಂಗಡ ಮತ್ತು ಠೇವಣಿ ಒಂದೇ ಅಲ್ಲ. ಮುಂಗಡವು ಬಾಡಿಗೆಯ ಭಾಗವಾಗಿದ್ದು, ಅಂತಿಮ ಬಿಲ್ಲಿನಲ್ಲಿ ವಜಾ ಆಗುತ್ತದೆ. ಭದ್ರತಾ ಠೇವಣಿಯು ಹಾನಿ ಅಥವಾ ಬಾಕಿಗೆ ಭರವಸೆಯಾಗಿ ಇರಿಸಿಕೊಳ್ಳುವ ಮೊತ್ತವಾಗಿದ್ದು, ಕೊಠಡಿ ತೆರವು ಮಾಡಿದ ನಂತರ ಹಿಂದಿರುಗಿಸತಕ್ಕದ್ದು. ತಿರುಮಲದಲ್ಲಿ ಕೊಠಡಿಗೆ ಪಡೆಯುವ ‘ಕಾಷನ್ ಡಿಪಾಸಿಟ್’ ಈ ಎರಡನೆಯ ಬಗೆಯದು. ರಸೀದಿಯಲ್ಲಿ ಬರಿದೇ ‘ಅಡ್ವಾನ್ಸ್ ರೂ. 10,000’ ಎಂದು ಬರೆದಿದ್ದಲ್ಲಿ ಅದರಲ್ಲಿ ಠೇವಣಿ ಎಷ್ಟೆಂದು ರುಜುವಾತುಪಡಿಸುವುದು ಕಷ್ಟವಾಗುತ್ತದೆ. ಪರಿಚಯಸ್ಥರೆಂಬ ದಾಕ್ಷಿಣ್ಯಕ್ಕೆ ರಸೀದಿ ಕೇಳದಿರುವುದು ಇನ್ನೂ ಸಾಮಾನ್ಯ. ಎರಡೂ ಮೊತ್ತಗಳನ್ನು, ರದ್ದತಿಯ ಷರತ್ತನ್ನೂ ಹಣ ಪಾವತಿಸುವ ಮುನ್ನವೇ ಪ್ರತ್ಯೇಕವಾಗಿ ಬರೆಯಿಸಿಕೊಳ್ಳುವುದು ಸೂಕ್ತ.

ತೆರಿಗೆಯಲ್ಲಿಯೂ ಈ ವ್ಯತ್ಯಾಸವಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 2(31)ನೇ ಪ್ರಕರಣದ ಮೇರೆಗೆ, ಠೇವಣಿಯನ್ನು ಬಾಡಿಗೆಗೆ ಹೊಂದಿಸಿಕೊಳ್ಳುವವರೆಗೆ ಅದು ಸೇವೆಯ ಪ್ರತಿಫಲವೆನಿಸುವುದಿಲ್ಲ. ಆದುದರಿಂದ ಅದರ ಮೇಲೆ ತೆರಿಗೆ ವಸೂಲಿ ಮಾಡುವಂತಿಲ್ಲ. ಮುಂಗಡಕ್ಕೆ ತೆರಿಗೆ ಅನ್ವಯಿಸುತ್ತದೆ. ದಿನವೊಂದಕ್ಕೆ ರೂ. 7,500ರವರೆಗಿನ ಕೊಠಡಿಗೆ 22-09-2025ರಿಂದ ಶೇ. 5ರ ದರವಿದೆ. ನೋಂದಾಯಿತ ವಸತಿಗೃಹವು ಮುಂಗಡಕ್ಕೆ ಸ್ವೀಕೃತಿ ವೋಚರನ್ನೂ, ಸೇವೆ ಒದಗಿಸದೆ ಹಣ ಹಿಂದಿರುಗಿಸಿದಲ್ಲಿ ಮರುಪಾವತಿ ವೋಚರನ್ನೂ ನೀಡಬೇಕಾಗುತ್ತದೆ.

ಕಾಯ್ದಿರಿಸಿದ್ದನ್ನು ರದ್ದುಪಡಿಸಿದಾಗ ಮುಂಗಡ ಪೂರ್ತಿಯಾಗಿ ಹಿಂದಿರುಗುವುದೆಂದು ಭಾವಿಸುವುದು ಸರಿಯಲ್ಲ. ಮಾಲೀಕರು ಆ ದಿನಕ್ಕೆ ಬೇರೆಯವರನ್ನು ನಿರಾಕರಿಸಿರಬಹುದು. ಆದರೆ ಭಾರತೀಯ ಕರಾರು ಅಧಿನಿಯಮ, 1872ರ 74ನೇ ಪ್ರಕರಣದಂತೆ, ಕರಾರಿನಲ್ಲಿ ನಮೂದಿಸಿದ ಮೊತ್ತವು ಗರಿಷ್ಠ ಮಿತಿ ಮಾತ್ರ. ದೊರೆಯತಕ್ಕದ್ದು ಅದರೊಳಗಿನ ಯುಕ್ತ ಪರಿಹಾರ. ಅದೇ ದಿನಕ್ಕೆ ಕೊಠಡಿಗಳನ್ನು ಬೇರೆಯವರಿಗೆ ನೀಡಿದ್ದಲ್ಲಿ ಪೂರ್ಣ ಮೊತ್ತವನ್ನು ಮುಟ್ಟುಗೋಲು ಹಾಕಿಕೊಂಡಿದ್ದನ್ನು ಪ್ರಶ್ನಿಸಬಹುದು. ದಿನಾಂಕ ಬದಲಾದ ಸಂಗತಿಯನ್ನು ತಡಮಾಡದೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಇರಿಸಿಕೊಳ್ಳತಕ್ಕದ್ದು.

ಕೆಲವು ಹೋಟೆಲುಗಳು ಹಣದ ಬದಲು ಕಾರ್ಡಿನ ಭರವಸೆ ಕೇಳುತ್ತವೆ. ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ 01-10-2022ರಿಂದ ವ್ಯಾಪಾರಿಗಳು ಗ್ರಾಹಕರ ಪೂರ್ಣ ಕಾರ್ಡ್ ಸಂಖ್ಯೆಯನ್ನು ಸಂಗ್ರಹಿಸಿಡುವಂತಿಲ್ಲ. ಕಾರ್ಡಿನ ಛಾಯಾಚಿತ್ರವನ್ನು ಮೊಬೈಲಿನಲ್ಲಿ ಯಾರಿಗೂ ಕಳುಹಿಸಬಾರದು.

ಠೇವಣಿ ಹಿಂದಿರುಗಿಸದಿದ್ದಲ್ಲಿ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸೇವಾನ್ಯೂನತೆಯ ದೂರನ್ನು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಸಲ್ಲಿಸಬೇಕು. ಪಾವತಿಸಿದ ಪ್ರತಿಫಲ ರೂ. 5 ಲಕ್ಷ ಮೀರದಿದ್ದಲ್ಲಿ ಶುಲ್ಕವಿಲ್ಲ. ಮೈಸೂರಿನಲ್ಲಿ ಕೊಠಡಿ ಕಾಯ್ದಿರಿಸಿದ ಶಿಡ್ಲಘಟ್ಟದ ನಿವಾಸಿಯು ತನ್ನ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಆದರೆ ಠೇವಣಿಯ ಮೊತ್ತವೇ ವಿಪರೀತವೆಂಬ ಕಾರಣಕ್ಕೆ ಕರಾರನ್ನು ಅನುಚಿತವೆಂದು ಪ್ರಶ್ನಿಸುವ ದೂರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ರಾಜ್ಯ ಆಯೋಗಕ್ಕೆ ಸಲ್ಲಿಸತಕ್ಕದ್ದು. ದೂರಿನೊಂದಿಗೆ ರಸೀದಿ, ರದ್ದತಿ ಪತ್ರ ಮತ್ತು ಪಾವತಿಯ ವಿವರಗಳ ಪ್ರತಿಗಳನ್ನು ಲಗತ್ತಿಸುವುದು.