ಒಳಅರಿವು: ಕೋಲಾರ ಸೀಮೆಯ ಚರಿತ್ರೆ

ಕಾರಣವನ್ನು ಬಿಡಿಸಿ ಹೇಳಲಾಗದಿದ್ದರೂ ‘ಇದು ಸರಿ’, ‘ಇದು ಬೇಡ’ ಎಂದು ಒಳಗಿನಿಂದ ಗೊತ್ತಾಗುವ ಬಗೆಗೆ ಒಳಅರಿವು ಎಂದು ಹೆಸರು. ಶಾಸ್ತ್ರಗಳು ಇದನ್ನು ಪ್ರತಿಭೆ, ಆತ್ಮತುಷ್ಟಿ, ಸಾಕ್ಷಿ, ಅಂತಃಕರಣದ ಪ್ರವೃತ್ತಿ ಎಂದು ಬೇರೆ ಬೇರೆ ಸಂದರ್ಭಗಳಲ್ಲಿ ಕರೆದಿವೆ. ಆಡುಮಾತಿನಲ್ಲಿ ಅದು ಒಳಮನಸ್ಸು, ಮನಸ್ಸಾಕ್ಷಿ. ಗಂಡು ನೋಡಿ ಬಂದ ಮನೆಯವರು ‘ಎಲ್ಲಾ ಸರಿಯಿದೆ, ಯಾಕೋ ಮನಸ್ಸು ಒಪ್ಪಲಿಲ್ಲ’ ಎನ್ನುವಾಗ, ಸಸಿ ನೆಟ್ಟರೆ ಚಿಗುರಿಸುವವರನ್ನು ‘ಅವರ ಕೈಗುಣ’ ಎಂದು ಹೊಗಳುವಾಗ ಸೂಚಿಸುವುದು ಇದನ್ನೇ. ಎರಡನೆಯ ಮಾತಿಗೆ ತೂಕ ಹೆಚ್ಚು. ಅರಿವು ತಲೆಯಲ್ಲಷ್ಟೇ ಇರುವುದಿಲ್ಲ, ಕೆಲಸ ಮಾಡಿದ ಕೈಯಲ್ಲೂ ಇರುತ್ತದೆ ಎಂಬ ತಿಳಿವಳಿಕೆ ಆ ಮಾತಿನೊಳಗಿದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಒಳಅರಿವಿನ ಚರಿತ್ರೆಯನ್ನು ನೀರಿನಿಂದ ಬಿಡಿಸಿ ಬರೆಯಲಾಗದು. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ನಂದಿಯ ಸುತ್ತಲಿನ ಬೆಟ್ಟಸಾಲಿನಲ್ಲಿ ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಎಲ್ಲಿ ತೋಡಬೇಕು, ಯಾವಾಗ ತೂಬು ಎತ್ತಬೇಕು, ಈ ವರ್ಷ ಗದ್ದೆಗೆ ಇಳಿಯಬೇಕೇ ಬೇಡವೇ ಎಂಬ ಪ್ರಶ್ನೆಗಳೇ ತಲೆಮಾರುಗಳಿಂದ ಇಲ್ಲಿನ ಮುಖ್ಯ ತೀರ್ಮಾನಗಳು. ತಪ್ಪಿದರೆ ಮನೆ ಮುಳುಗುತ್ತಿತ್ತು.

ಹುತ್ತ, ನೇರಳೆ, ನೀರು

ಕೋಲಾರ ತಾಲ್ಲೂಕಿನ ಹುತ್ತೂರು ಎಂಬ ಹೆಸರು ಕಿವಿಗೆ ಬಿದ್ದೊಡನೆ ಹುತ್ತ ನೆನಪಾಗುತ್ತದೆ. ನೀರು ನೋಡುವ ವಿದ್ಯೆಯ ಹಳೆಯ ಗ್ರಂಥಗಳಲ್ಲೂ ಹುತ್ತಕ್ಕೆ ದೊಡ್ಡ ಸ್ಥಾನವಿದೆ. 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ದಕಾರ್ಗಲ ಎಂಬ ಅಧ್ಯಾಯವೇ ಇದೆ. ಭೂಮಿಯೊಳಗೆ ನೀರಿನ ನಾಳಗಳು ಹರಿಯುತ್ತವೆ, ಮೇಲಿನ ಮರ, ಹುಲ್ಲು, ಹುತ್ತ, ಮಣ್ಣಿನ ಬಣ್ಣಗಳಿಂದ ಅವುಗಳ ಜಾಡು ಹಿಡಿಯಬಹುದು ಎಂಬುದು ಅದರ ತಿರುಳು. ನೇರಳೆ ಮರದ ಮೂಡಣಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ ಮರದ ತೆಂಕಣ ಬದಿಗೆ ಎರಡು ಪುರುಷ ಆಳದಲ್ಲಿ ಸಿಹಿನೀರು ಸಿಗುತ್ತದೆ ಎಂದು ವರಾಹಮಿಹಿರ ಹೇಳುತ್ತಾನೆ. ಒಂದು ಪುರುಷವೆಂದರೆ ಕೈ ಮೇಲೆತ್ತಿ ನಿಂತ ಆಳಿನ ಎತ್ತರ, ಸುಮಾರು ಏಳೂವರೆ ಅಡಿ. ಎರಡು ಪುರುಷವೆಂದರೆ ಹದಿನೈದು ಅಡಿ. ಈ ಅಳತೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕನ್ನಡದಲ್ಲಿ ಈ ವಿದ್ಯೆ ಬರಹಕ್ಕಿಳಿದದ್ದು ಪಶ್ಚಿಮ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ. ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆ, ಸುಗಂಧ, ವೃಕ್ಷಾಯುರ್ವೇದ, ವಿಷವೈದ್ಯಗಳ ಜೊತೆ ನೀರು ಕಂಡುಹಿಡಿಯುವ ಉದಕಾರ್ಗಳವೂ ಸೇರಿದೆ. ಪುಸ್ತಕದ ಹೆಸರೇ ಹೇಳುವಂತೆ, ಇದು ಮಂತ್ರವಾದದ ಗುಟ್ಟಾಗಿರಲಿಲ್ಲ. ಅಡುಗೆಯಂತೆ ಜನರ ಬದುಕಿಗೆ ಬೇಕಾದ ತಿಳಿವಳಿಕೆಯಾಗಿತ್ತು.

ಹುತ್ತದ ಸೂಚನೆಯಲ್ಲಿ ಹುರುಳಿದೆ. ಗೆದ್ದಲು ತೇವವಿಲ್ಲದೆ ಬದುಕದು, ಒಣಸೀಮೆಯಲ್ಲಿ ಅದು ತೇವಕ್ಕಾಗಿ ಆಳಕ್ಕೆ ಇಳಿಯುತ್ತದೆ. ಬೇಸಗೆಯಲ್ಲೂ ಹಸಿರಾಗಿ ನಿಲ್ಲುವ ಮರದ ಬುಡದ ಸಂಗತಿಯೂ ಹಾಗೆಯೇ. ನೂರಾರು ಬಾವಿ ತೋಡಿದವನ ಕಣ್ಣು ಇಂಥ ಹತ್ತು ಗುರುತುಗಳನ್ನು ಒಟ್ಟಿಗೆ ಹಿಡಿಯುತ್ತದೆ. ಕೇಳಿದರೆ ಅವನು ‘ಇಲ್ಲೇ ತೋಡಿ ಅಂತ ಮನಸ್ಸಿಗೆ ಬಂತು’ ಎನ್ನಬಹುದು. ಅವನು ಸುಳ್ಳು ಹೇಳುತ್ತಿಲ್ಲ. ಗುರುತುಗಳು ಅವನಿಗೆ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ.

5ನೆಯ ಶತಮಾನದ ವೈಯಾಕರಣ ಭರ್ತೃಹರಿ ಇದನ್ನು ಬಲ್ಲವನಾಗಿದ್ದ. ವಸಂತದಲ್ಲಿ ಯಾರೂ ಕಲಿಸದೆ ಕೋಗಿಲೆಯ ದನಿ ಬದಲಾಗುವುದನ್ನು ಪ್ರತಿಭೆಗೆ ನಿದರ್ಶನವಾಗಿ ಕೊಟ್ಟ ಅವನು ‘ವಾಕ್ಯಪದೀಯ’ದಲ್ಲಿ ಪ್ರತಿಭೆಯನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ. ಅವುಗಳಲ್ಲಿ ಒಂದು ಅಭ್ಯಾಸದಿಂದ ಹುಟ್ಟುವ ಪ್ರತಿಭೆ. ಆ ಗ್ರಂಥದ ಪ್ರಾಚೀನ ವೃತ್ತಿ ಇದಕ್ಕೆ ಕೊಡುವ ಉದಾಹರಣೆ ಬಾವಿ ತೋಡುವವರದು. ಒಳಅರಿವಿನ ಬಗ್ಗೆ ಭಾರತೀಯ ಚಿಂತನೆ ಹೇಳಿದ ಅತ್ಯಂತ ನೆಲಕ್ಕಂಟಿದ ಮಾತು ಇದೆಂದು ಈ ಲೇಖಕನ ಭಾವನೆ.

ಮುಳಬಾಗಿಲಿನ ಸಾಕ್ಷಿ

ಒಳಗಿನ ಅರಿವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ 15ನೆಯ ಶತಮಾನದಲ್ಲಿ ಮುಳಬಾಗಿಲಿನಲ್ಲಿ ಶಾಸ್ತ್ರದ ಭಾಷೆಯಲ್ಲಿ ಚರ್ಚೆಯಾಯಿತು. ಮಧ್ವಾಚಾರ್ಯರ ಜ್ಞಾನಮೀಮಾಂಸೆಯಲ್ಲಿ ಸಾಕ್ಷಿ ಎಂಬುದು ಆತ್ಮದ್ದೇ ಆದ ಒಳ ಇಂದ್ರಿಯ. ಮನಸ್ಸು ತಪ್ಪಬಹುದು, ಸಾಕ್ಷಿ ತಪ್ಪದು. ಆದರೆ ಸಂದೇಹವಿರುವ ಕಡೆ ಸಾಕ್ಷಿ ಸುಮ್ಮನೆ ಒಪ್ಪಿಗೆಯ ಮುದ್ರೆ ಒತ್ತುವುದಿಲ್ಲ, ಪರೀಕ್ಷೆ ನಡೆದು ಸಂದೇಹ ತೀರಿದ ಮೇಲೆಯೇ ನಿಶ್ಚಯ. ಮಧ್ವರ ಟೀಕಾಕಾರ ಜಯತೀರ್ಥರು ‘ನ್ಯಾಯಸುಧೆ’ಯಲ್ಲಿ ಇದನ್ನು ವಿಸ್ತರಿಸಿದರು. ಆ ಸುಧೆಗೆ ‘ವಾಗ್ವಜ್ರ’ ಎಂಬ ವ್ಯಾಖ್ಯಾನ ಬರೆದವರು ಮುಳಬಾಗಿಲಿನ ಶ್ರೀಪಾದರಾಜರು. ವ್ಯಾಸರಾಯರು ಅವರ ಬಳಿ ಓದಿದರು. ರಂಗವಿಠಲ ಅಂಕಿತದಲ್ಲಿ ಕನ್ನಡ ಹಾಡುಗಳನ್ನು ಕಟ್ಟಿ, ಸಂಸ್ಕೃತದ ಮಠದಿಂದ ಬೀದಿಗೆ ದಾರಿ ತೆರೆದವರೂ ಶ್ರೀಪಾದರಾಜರೇ. ಅವರ ವೃಂದಾವನ ಊರಿನ ಹೊರಗಿನ ನರಸಿಂಹತೀರ್ಥದಲ್ಲಿದೆ.

ಮನಸ್ಸು ಬೇರೆ, ಸಾಕ್ಷಿ ಬೇರೆ ಎಂಬ ಈ ಭೇದ ಬದುಕಿನ ತೀರ್ಮಾನಗಳಿಗೆ ಬಹಳ ಬೇಕಾದದ್ದು. ಆಸೆಯೂ ಒಳಗಿನಿಂದಲೇ ಮಾತಾಡುತ್ತದೆ, ಭಯವೂ ಒಳಗಿನಿಂದಲೇ ಮಾತಾಡುತ್ತದೆ. ಆದ್ದರಿಂದಲೇ ಹಳೆಯ ಗ್ರಂಥಗಳೆಲ್ಲ ಒಳದನಿಗೆ ಒಂದು ನಿಬಂಧನೆ ಹಾಕಿವೆ. ಧರ್ಮದ ಮೂಲಗಳನ್ನು ಎಣಿಸುವಾಗ ಮನುಸ್ಮೃತಿ ಆತ್ಮತುಷ್ಟಿಯನ್ನು ವೇದ, ಸ್ಮೃತಿ, ಸದಾಚಾರಗಳ ನಂತರ, ಕೊನೆಯಲ್ಲಿ ಇಡುತ್ತದೆ. ಕಾಳಿದಾಸನ ದುಷ್ಯಂತ ಸಂದೇಹದಲ್ಲಿ ತನ್ನ ಅಂತಃಕರಣವನ್ನೇ ಪ್ರಮಾಣವೆನ್ನುವಾಗಲೂ ಸಜ್ಜನರ ಅಂತಃಕರಣ ಎಂದೇ ಹೇಳುತ್ತಾನೆ. 12ನೆಯ ಶತಮಾನದ ವಚನಕಾರರು ಅರಿವನ್ನು ಗುರುವಿನ ಪೀಠದಲ್ಲಿ ಕೂರಿಸಿದರು, ಜೊತೆಗೇ ಆಚಾರವನ್ನೂ ಕೇಳಿದರು. 18–19ನೆಯ ಶತಮಾನಗಳ ಕೈವಾರದ ನಾರೇಯಣ ತಾತಯ್ಯ ಬಳೆ ಮಾರುವ ಮಲಾರವನ್ನು ಇಳಿಸಿ ಯೋಗಕ್ಕೆ ತಿರುಗಿದಾಗಲೂ ಮುಂದೆ ಇದ್ದದ್ದು ಸಾಧನೆಯ ದೀರ್ಘ ಕಾಲ.

ಇದೇ ನಿಬಂಧನೆ ಗಾಂಧೀಜಿಯಲ್ಲೂ ಇತ್ತು. 1927ರ ಬೇಸಗೆಯಲ್ಲಿ ಅವರು ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲಿ ತಂಗಿದ್ದರು. ನಂದಿ ಆಗ ಕೋಲಾರ ಜಿಲ್ಲೆಯಲ್ಲಿತ್ತು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆರು ವರ್ಷಗಳ ನಂತರ, 1933ರ ಮೇ ತಿಂಗಳಲ್ಲಿ, ಅವರು 21 ದಿನಗಳ ಉಪವಾಸ ಕೈಗೊಂಡಾಗ ಅದನ್ನು ಅಂತರ್ವಾಣಿಯ ಆಜ್ಞೆ ಎಂದರು. ಹಾಗೆ ಹೇಳಿಕೊಳ್ಳುವ ಹಕ್ಕು ಎಲ್ಲರಿಗೂ ತಾನಾಗಿ ಬರುವುದಿಲ್ಲ, ಅದಕ್ಕೆ ಕಠಿಣ ವ್ರತನಿಷ್ಠೆಯ ತಯಾರಿ ಬೇಕು ಎಂಬುದು ಅವರ ಖಚಿತ ನಿಲುವಾಗಿತ್ತು.

ಇಬ್ಬರು ಲೇಖಕರು

ಆಧುನಿಕ ಕನ್ನಡದಲ್ಲಿ ಒಳದನಿಗೆ ಈ ಸೀಮೆ ಕೊಟ್ಟ ಎರಡು ನಿದರ್ಶನಗಳು ಪುಸ್ತಕಗಳಿಗಿಂತ ಬದುಕಿನಲ್ಲಿವೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ 1914ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು. 1943ರಲ್ಲಿ ತಮಗಿಂತ ಕಿರಿಯರಿಗೆ ಮೇಲಿನ ಸ್ಥಾನ ದೊರೆತಾಗ ರಾಜೀನಾಮೆ ಕೊಟ್ಟು ಹೊರಬಂದರು. ಮನೆ, ಸಂಬಳ, ಪದವಿಗಳ ಲೆಕ್ಕ ಹಾಕಿದ್ದರೆ ಉಳಿಯುವುದೇ ಲೇಸಾಗಿತ್ತು. ಹೊರಬಂದ ಮೇಲೆ ‘ಜೀವನ’ ಪತ್ರಿಕೆಯ ಸಂಪಾದಕರಾದರು, ‘ಚಿಕವೀರರಾಜೇಂದ್ರ’ ಬರೆದರು. 1983ರ ಜ್ಞಾನಪೀಠವೂ ಬಂತು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟದೆಯೇ ಪತ್ರಿಕೋದ್ಯಮಕ್ಕೆ ಇಳಿದವರು. 1970ರಲ್ಲಿ ನಾಡು ಒಪ್ಪಿಸಿದ ಒಂದು ಲಕ್ಷ ರೂಪಾಯಿಯ ನಿಧಿಯನ್ನು ತಾವೇ ಕಟ್ಟಿದ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1943ರಲ್ಲಿ ಬಂದ ‘ಮಂಕುತಿಮ್ಮನ ಕಗ್ಗ’ವನ್ನು ಇಂದಿಗೂ ಜನ ತೀರ್ಮಾನ ತೋಚದಾಗ ಕೈಗೆತ್ತಿಕೊಳ್ಳುತ್ತಾರೆ. ಆ ಪುಸ್ತಕ ಸಿದ್ಧ ಉತ್ತರ ಕೊಡುವುದಿಲ್ಲ, ಓದುವವನನ್ನೇ ಕೂರಿಸಿ ಯೋಚಿಸಲು ಹಚ್ಚುತ್ತದೆ.

ಕವಲು ಕಡ್ಡಿಯಿಂದ ಬೋರ್ ಪಾಯಿಂಟಿಗೆ

ಕೆರೆಯ ಕಾಲದಲ್ಲಿ ಒಳಅರಿವಿನ ಮುಖ್ಯ ಒಡೆಯ ನೀರುಗಂಟಿ. ಹಲವು ಊರುಗಳಲ್ಲಿ ಇದು ದಲಿತ ಕುಟುಂಬಗಳಿಗೆ ತಲೆಮಾರಿನಿಂದ ಬಂದ ಹೊಣೆ. ಮಳೆಗಾಲ ಮುಗಿದಾಗ ಕೆರೆಯಲ್ಲಿ ನಿಂತ ನೀರನ್ನು ಕಂಡು ಇದು ಎಷ್ಟು ಗದ್ದೆಗೆ, ಎಷ್ಟು ದಿನಕ್ಕೆ ಸಾಲುತ್ತದೆ ಎಂದು ಅಂದಾಜು ಹೇಳುವುದು, ತೂಬು ಎತ್ತುವುದು, ಕೊನೆಯ ಗದ್ದೆಗೂ ಸರದಿ ಮುಟ್ಟಿಸುವುದು ಅವನ ಕೆಲಸ. ಅಂದಾಜು ತಪ್ಪಿದರೆ ಅದೇ ಹಂಗಾಮಿನಲ್ಲಿ ಊರಿಗೆಲ್ಲ ಗೊತ್ತಾಗುತ್ತಿತ್ತು, ಮುಂದಿನ ವರ್ಷ ಅವನ ಕಣ್ಣು ಅಷ್ಟು ತಿದ್ದಿಕೊಳ್ಳುತ್ತಿತ್ತು. ಜಾತಿಯ ಮೆಟ್ಟಿಲಿನಲ್ಲಿ ಕೆಳಗಿಟ್ಟವನ ಮಾತಿಗೆ ಊರಿನ ಬೆಳೆ ಕಾಯುತ್ತಿದ್ದದ್ದನ್ನೂ, ಆ ವಿದ್ಯೆಗೆ ವಿದ್ಯೆಯೆಂಬ ಗೌರವ ಸಿಗದೆ ಹೋದದ್ದನ್ನೂ ಒಟ್ಟಿಗೇ ದಾಖಲಿಸಬೇಕು.

ನೆಲದೊಳಗಿನ ನೀರು ನೋಡುವವರು ಬೇವು, ಹೊಂಗೆಯಂಥ ಮರದ ಕವಲು ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊಲದಲ್ಲಿ ನಡೆಯುತ್ತಾರೆ, ಇಲ್ಲವೇ ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಳ್ಳುತ್ತಾರೆ. ಕಡ್ಡಿ ಬಾಗಿದ, ಕಾಯಿ ಎದ್ದು ನಿಂತ ಜಾಗವೇ ನೀರಿನ ಜಾಗ. ಯೂರೋಪಿನ ಗಣಿಗಾರರಲ್ಲೂ ಇಂಥ ಕಡ್ಡಿ ಇತ್ತು. 1556ರ ಗಣಿಗ್ರಂಥದಲ್ಲಿ ಅಗ್ರಿಕೋಲ ಅದನ್ನು ವರ್ಣಿಸಿ, ಬಲ್ಲ ಗಣಿಗಾರನಿಗೆ ಅದು ಬೇಡ, ಭೂಮಿಯ ಮೇಲಿನ ಸಹಜ ಗುರುತುಗಳೇ ಸಾಕು ಎಂದ. ಹಿಡಿದವನಿಗೇ ತಿಳಿಯದಂತೆ ಅವನ ನಿರೀಕ್ಷೆ ಸ್ನಾಯುಗಳಿಗೆ ಇಳಿದು ಕಡ್ಡಿಯನ್ನು ಅಲುಗಿಸುತ್ತದೆ ಎಂಬ ವಿವರಣೆಯನ್ನು 1852ರಲ್ಲಿ ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ ಮುಂದಿಟ್ಟರು. 1987–88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಸುಮಾರು 500 ಮಂದಿಯಿಂದ ಆರಿಸಿದ 43 ನೀರುನೋಡುವವರ ಮೇಲೆ 843 ಪರೀಕ್ಷೆಗಳು ನಡೆದವು. ಕೆಲವರಲ್ಲಿ ನಿಜವಾದ ಶಕ್ತಿ ಕಂಡಿತೆಂದು ಪರೀಕ್ಷಕರು ಹೇಳಿದರು. 1999ರಲ್ಲಿ ವಿಜ್ಞಾನಿ ಜಿಮ್ ಎನ್‌ರೈಟ್ ಅದೇ ಅಂಕಿಗಳನ್ನು ಮತ್ತೆ ಪರಿಶೀಲಿಸಿ, ಫಲಿತಾಂಶ ಆಕಸ್ಮಿಕಕ್ಕಿಂತ ಮೇಲೇನೂ ಅಲ್ಲ ಎಂದು ತೋರಿಸಿದರು.

ಹಾಗಾದರೆ ಅಜ್ಜಂದಿರ ಕಾಲದಲ್ಲಿ ನೀರು ಸಿಕ್ಕಿದ್ದು ಹೇಗೆ? ಉತ್ತರ ನೆಲದ ರಚನೆಯಲ್ಲಿದೆ. ಈ ಸೀಮೆಯ ತಳ ಗಟ್ಟಿ ಗ್ರಾನೈಟ್ ಮತ್ತು ನೈಸ್ ಶಿಲೆ. ಅದರ ಮೇಲೆ ಕೊಳೆತು ಸಡಿಲಾದ ಕಲ್ಲಿನ ಪದರವಿದೆ. ಕೆರೆಗಳು ತುಂಬುತ್ತಿದ್ದಾಗ ಆ ಪದರದಲ್ಲಿ ನೀರು ಹರಡಿಕೊಂಡಿರುತ್ತಿತ್ತು. ಕಪಿಲೆ ಬಾವಿಗಳಿಗೂ ಏತದ ಬಾವಿಗಳಿಗೂ ಅಷ್ಟು ಸಾಕಾಗಿತ್ತು. ಮರ, ಹುತ್ತಗಳು ಹೇಳುತ್ತಿದ್ದದ್ದು ಈ ಮೇಲಿನ ನೀರಿನ ಸುದ್ದಿ. 1970ರ ದಶಕದ ನಂತರ ಕೊಳವೆಬಾವಿಗಳು ಹೆಚ್ಚುತ್ತ ಹೋಗಿ, ಕೆರೆಗಳು ಬರಿದಾಗಿ, ಆ ಪದರವೇ ಒಣಗಿತು. ವರಾಹಮಿಹಿರನ ಹದಿನೈದು ಅಡಿಯ ಜಾಗದಲ್ಲಿ ಈಗ ಕೊರೆಯುವುದು 1,200 ಅಡಿ, 1,500 ಅಡಿ. ಅಲ್ಲಿ ನೀರಿರುವುದು ಬಂಡೆಯ ಸೀಳುಗಳಲ್ಲಿ. ಬೇರೂ ಗೆದ್ದಲೂ ಮುಟ್ಟದ ಆ ಆಳದ ಬಗ್ಗೆ ನೇರಳೆ ಮರ ಏನು ಹೇಳೀತು?

ಆದರೂ ಬೋರ್ ಹಾಕಿಸುವ ಮುಂಚೆ ‘ಪಾಯಿಂಟ್ ಮಾಡಿಸುವುದು’ ನಿಂತಿಲ್ಲ. ಮಿಷನ್ ಇಟ್ಟು ನೋಡುವ ಭೂವಿಜ್ಞಾನಿಯನ್ನೂ ಕಾಯಿ ಹಿಡಿಯುವವರನ್ನೂ ಒಂದೇ ಹೊಲಕ್ಕೆ ಕರೆಸುವ ರೈತರಿದ್ದಾರೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವವರು ಒಂದು ಸಂಗತಿ ಮರೆಯುತ್ತಾರೆ. ಸಾಲ ತಂದ ದುಡ್ಡೆಲ್ಲ ಒಂದೇ ರಾತ್ರಿ ಕಲ್ಲಿನ ಧೂಳಾಗಿ ಹಾರಿಹೋಗಬಹುದೆಂದು ಬಲ್ಲವನು ಆ ತೀರ್ಮಾನವನ್ನು ಒಂಟಿಯಾಗಿ ಹೊರಲಾರ. ಕಡ್ಡಿ ಹಿಡಿದವರು ಕೊಡುವುದು ನೀರಿನ ಜಾಗವನ್ನಲ್ಲ, ಕೊರೆಯುವ ಧೈರ್ಯವನ್ನು. ಬೋರ್ ಫೇಲಾದ ಮೇಲೆ ಉಳಿಯುವ ಸಾಲಕ್ಕೆ ಮಾತ್ರ ಆ ಧೈರ್ಯ ಹೊಣೆಯಾಗುವುದಿಲ್ಲ.

ಹೊಸ ವಿಜ್ಞಾನ

ಮನುಷ್ಯರು ತೀರ್ಮಾನ ಮಾಡುವ ಬಗೆಯನ್ನು ಅಧ್ಯಯನ ಮಾಡಿದ ಹರ್ಬರ್ಟ್ ಸೈಮನ್ 1992ರಲ್ಲಿ ಒಳಅರಿವನ್ನು ಗುರುತು ಹಿಡಿಯುವಿಕೆ ಎಂದೇ ವಿವರಿಸಿದರು. ಅಗ್ನಿಶಾಮಕ ದಳದವರ ತೀರ್ಮಾನಗಳನ್ನು ಅಧ್ಯಯನ ಮಾಡಿ ಒಳಅರಿವನ್ನು ನಂಬಿದ ಗ್ಯಾರಿ ಕ್ಲೈನ್, ಅದರ ದೋಷಗಳನ್ನು ಬಯಲಿಗೆಳೆದ ಡೇನಿಯಲ್ ಕಾನೆಮನ್ ಇಬ್ಬರೂ ಸೇರಿ 2009ರಲ್ಲಿ ಒಂದು ಒಪ್ಪಂದಕ್ಕೆ ಬಂದರು. ಎರಡು ಷರತ್ತುಗಳಿದ್ದಲ್ಲಿ ಮಾತ್ರ ಒಳಅರಿವನ್ನು ನಂಬಬಹುದು: ಸುತ್ತಲಿನ ಪರಿಸರದಲ್ಲಿ ಗಟ್ಟಿ ಕ್ರಮವಿರಬೇಕು, ಆ ಕ್ರಮವನ್ನು ತಪ್ಪಿ ತಿದ್ದಿಕೊಂಡು ಕಲಿಯಲು ಅವಕಾಶವಿರಬೇಕು. ನೀರುಗಂಟಿಗೆ ಎರಡೂ ಇದ್ದವು. ಸಾವಿರ ಅಡಿಯ ಮೇಲೆ ನಿಂತು ಕಾಯಿ ಹಿಡಿದವರಿಗೆ ಎರಡೂ ಇಲ್ಲ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಅದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಪಂಪ್ ಮಾಡಿದ ನೀರು. ಅಲ್ಲಿಂದ ಒಂದೊಂದಾಗಿ ಕೆರೆಗಳು ತುಂಬಿದವು, ಆಸುಪಾಸಿನ ಬಾವಿಗಳಲ್ಲಿ ನೀರು ಏರಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಒತ್ತಾಯವೂ ಆಗಿನಿಂದಲೇ ಇದೆ. ಈ ಕೆರೆಗಳು ಈಗ ಮಳೆ ನೋಡಿ ತುಂಬುವುದಿಲ್ಲ, ಪಂಪಿನ ಲೆಕ್ಕಕ್ಕೆ ತುಂಬುತ್ತವೆ. ತೂಬು ಎತ್ತಿ ಗದ್ದೆಗೆ ಹರಿಸಲಿಕ್ಕಲ್ಲ, ನೆಲಕ್ಕೆ ಇಂಗಲೆಂದು ನಿಲ್ಲಿಸಿದ ನೀರು ಅದು. ಏರಿಯ ಮೇಲೆ ನಿಂತು ಇಷ್ಟು ಗದ್ದೆಗೆ ಸಾಕು ಎಂದು ಹೇಳುತ್ತಿದ್ದ ನೀರುಗಂಟಿಯ ಕಣ್ಣಿಗೆ, ತುಂಬಿದ ಕೆರೆಯ ಮುಂದೆಯೇ, ಅಳೆಯುವ ಕೆಲಸ ಉಳಿದಿಲ್ಲ.